ನೀಲಿ ಬೆಕ್ಕು: ಬಣ್ಣ ಒಂದೇ, ತಳಿ ಹಲವು

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಬೂದು ಬಣ್ಣದ ಬೆಕ್ಕುಗಳನ್ನು ಕುರಿತವು. ಅವುಗಳಲ್ಲಿ ಐದನ್ನು ಆರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಮನೆಯ ಬೆಕ್ಕಿಗೆ ಎಂಟು ತಿಂಗಳು. ಮೂಗಿನಿಂದ ಬಾಲದ ತುದಿಯವರೆಗೆ ಒಂದೇ ಸಮನಾದ ಬೂದು ಬಣ್ಣ. ಕೊಟ್ಟವರು ರಷ್ಯನ್ ಬ್ಲೂ ಎಂದರು; ನೋಡಿದ ಇನ್ನೊಬ್ಬರು ಬ್ರಿಟಿಷ್ ಶಾರ್ಟ್‌ಹೇರ್ ಎಂದರು. ಬೂದು ಬೆಕ್ಕನ್ನು ‘ನೀಲಿ’ ಎಂದು ಕರೆಯುವುದೇಕೆ? ಇದು ಯಾವ ತಳಿಯೆಂದು ತಿಳಿಯುವುದು ಹೇಗೆ?

ಉತ್ತರ: ಬೆಕ್ಕು ಸಾಕುವವರ ಮಾತಿನಲ್ಲಿ ನೀಲಿ ಎಂದರೆ ಆಕಾಶದ ನೀಲಿಯಲ್ಲ. ಕಪ್ಪು ಬಣ್ಣ ತಿಳಿಯಾದಾಗ ಕಾಣುವ, ಮಳೆಮೋಡವನ್ನೋ ಪಾರಿವಾಳದ ಬೆನ್ನನ್ನೋ ನೆನಪಿಸುವ ಬೂದು ಬಣ್ಣಕ್ಕೆ ಆ ಹೆಸರು. ನೆರಳಿನಲ್ಲಿ ಅದು ಬರೀ ಬೂದಿಯಂತೆ ಕಂಡರೂ ಕಿಟಕಿಯ ಬೆಳಕು ಬಿದ್ದೊಡನೆ ನೀಲಿಯ ಛಾಯೆ ಮೇಲೆದ್ದು ಬರುತ್ತದೆ.

ನಿಮ್ಮ ಎರಡನೆಯ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ಬಣ್ಣವನ್ನಷ್ಟೇ ನೋಡಿ ತಳಿ ಹೇಳಲು ಬರುವುದಿಲ್ಲ. ಈ ಬಣ್ಣ ಯಾವ ತಳಿಯ ಸೊತ್ತೂ ಅಲ್ಲ. ಪರ್ಷಿಯನ್, ಮೇನ್ ಕೂನ್ ಮುಂತಾದ ಅನೇಕ ತಳಿಗಳಲ್ಲಿ ಇದೆ, ಯಾವ ತಳಿಗೂ ಸೇರದ ಸಾಮಾನ್ಯ ಬೆಕ್ಕುಗಳಲ್ಲಿಯೂ ಧಾರಾಳವಾಗಿದೆ. ತಳಿ ಎಂಬುದು ವಂಶಾವಳಿಯ ಮಾತು. ತಂದೆತಾಯಿ, ಅಜ್ಜಅಜ್ಜಿಯರ ಹೆಸರುಗಳುಳ್ಳ, ಮಾನ್ಯತೆ ಪಡೆದ ಸಂಘವೊಂದರ ನೋಂದಣಿ ಪತ್ರ ಬೆಕ್ಕಿನ ಜೊತೆಗೆ ಬಂದಿದ್ದರೆ ಅದನ್ನು ನಂಬಬಹುದು. ಅದಿಲ್ಲದೆ ಬರೀ ಬಣ್ಣ ತೋರಿಸಿ ರಷ್ಯನ್ ಬ್ಲೂ ಎಂದು ಹೇಳಿ ಹೆಚ್ಚು ಹಣ ಕೇಳುವವರ ಮಾತನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. ಇಂಥ ಪತ್ರಗಳು ಮತ್ತೆ ಮತ್ತೆ ಬರುತ್ತಿರುವುದರಿಂದ ಇದನ್ನು ಸ್ವಲ್ಪ ಕಟುವಾಗಿಯೇ ಬರೆಯುತ್ತಿದ್ದೇನೆ.

ಹಾಗೆ ನೋಡಿದರೆ, ನಿಮ್ಮ ಬೆಕ್ಕು ನಿಜಕ್ಕೂ ನೀಲಿಯೇ ಎಂಬುದನ್ನೂ ಮೊದಲು ಖಚಿತಪಡಿಸಿಕೊಳ್ಳಬೇಕು. ಹಗಲು ಬೆಳಕಿನಲ್ಲಿ ಅದರ ಬೆನ್ನಿನ ಕೂದಲನ್ನು ಎರಡು ಬೆರಳುಗಳಿಂದ ಬುಡದವರೆಗೆ ಬಿಡಿಸಿ ನೋಡಿ. ಬುಡದಿಂದ ತುದಿಯವರೆಗೆ ಬೂದು ಬಣ್ಣವೇ ಇದ್ದರೆ, ಬುಡದ ಕಡೆ ತುಸು ತಿಳಿಯಾಗಿದ್ದರೂ, ಅದು ನೀಲಿ. ಬುಡ ಬೆಳ್ಳಗಿದ್ದು ಮೇಲ್ಭಾಗ ಮಾತ್ರ ಬೂದಾಗಿದ್ದರೆ ಅದನ್ನು ‘ಸ್ಮೋಕ್’ ಎನ್ನುತ್ತಾರೆ. ಒಂದೇ ಕೂದಲಿನಲ್ಲಿ ಬೂದು ಮತ್ತು ತಿಳಿಹಳದಿಯ ಪಟ್ಟಿಗಳು ಒಂದರ ಮೇಲೊಂದು ಇದ್ದರೆ ಅದು ಪಟ್ಟೆಬೆಕ್ಕಿನ ಗುಂಪಿಗೆ ಸೇರಿದ್ದು. ಅಂಗಾಲನ್ನೂ ಎತ್ತಿ ನೋಡಿ. ಮೈಮೇಲೆ ಬಿಳಿ ಮಚ್ಚೆಗಳಿಲ್ಲದ ನೀಲಿ ಬೆಕ್ಕಿನ ಅಂಗಾಲಿನ ಮೆತ್ತೆಗಳೂ ಮೂಗಿನ ತುದಿಯೂ ಸಾಮಾನ್ಯವಾಗಿ ಬೂದುನೀಲಿಯಾಗಿರುತ್ತವೆ. ರಷ್ಯನ್ ಬ್ಲೂ ಬೆಕ್ಕಿನಲ್ಲಾದರೆ ಅಂಗಾಲಿನ ಮೆತ್ತೆಗೆ ತಿಳಿನೇರಳೆಯ ಛಾಯೆ ಇರುತ್ತದೆ.

ಪ್ರಶ್ನೆ: ನಮ್ಮ ತಾಯಿಬೆಕ್ಕು ಅಚ್ಚ ಕಪ್ಪು, ಮನೆಯ ಗಂಡುಬೆಕ್ಕೂ ಕಪ್ಪೇ. ಹುಟ್ಟಿದ ಐದು ಮರಿಗಳಲ್ಲಿ ಒಂದು ಮಾತ್ರ ಬೂದು. ಇದು ಹೇಗೆ ಸಾಧ್ಯ? ಆ ಮರಿಗೆ ಏನಾದರೂ ಕಾಯಿಲೆಯೇ?

ಉತ್ತರ: ಕಾಯಿಲೆಯಲ್ಲ, ಗಾಬರಿಯಾಗಬೇಡಿ. ಕಪ್ಪು ಬೆಕ್ಕಿನ ಕೂದಲಿನಲ್ಲಿ ಮೆಲನಿನ್ ಎಂಬ ವರ್ಣದ್ರವ್ಯದ ಕಣಗಳು ಉದ್ದಕ್ಕೂ ಸಮನಾಗಿ ಹರಡಿರುತ್ತವೆ. ಆ ಕಣಗಳು ಚರ್ಮದ ವರ್ಣಕೋಶಗಳಲ್ಲಿ ತಯಾರಾಗಿ, ಕೋಶದ ಅಂಚಿನವರೆಗೆ ಸಾಗಿ, ಅಲ್ಲಿಂದ ಬೆಳೆಯುತ್ತಿರುವ ಕೂದಲಿನೊಳಗೆ ಸೇರಬೇಕು. ಸಾಗಿಸುವ ಕೆಲಸದಲ್ಲಿ ಮೆಲನೋಫಿಲಿನ್ ಎಂಬ ಪ್ರೋಟೀನು ಕೈಜೋಡಿಸುತ್ತದೆ. ಅದು ಸರಿಯಾಗಿ ರೂಪುಗೊಳ್ಳದಿದ್ದಾಗ ಕಣಗಳು ಕೋಶದ ನಡುವೆಯೇ ಗುಂಪುಗೂಡಿ, ಕೂದಲಿನೊಳಗೆ ಹೆಪ್ಪುಹೆಪ್ಪಾಗಿ, ಅಲ್ಲಲ್ಲಿ ಖಾಲಿ ಜಾಗ ಬಿಟ್ಟು ಸೇರುತ್ತವೆ. ಚಿಟಿಕೆ ಇದ್ದಿಲು ಪುಡಿಯನ್ನು ಬಿಳಿ ಹಾಳೆಯ ಮೇಲೆ ಒತ್ತಿ ಸವರಿದರೆ ಹಾಳೆ ಕಪ್ಪಾಗುತ್ತದೆ. ಅದೇ ಪುಡಿಯನ್ನು ಸಣ್ಣ ಸಣ್ಣ ಗುಪ್ಪೆಗಳಾಗಿ ಇಟ್ಟು ದೂರದಿಂದ ನೋಡಿದರೆ ಹಾಳೆ ಬೂದಾಗಿ ಕಾಣುತ್ತದೆ. ನಿಮ್ಮ ಮರಿಯ ಮೈಮೇಲೆ ಆಗಿರುವುದು ಇಷ್ಟೇ. ಈ ಬದಲಾವಣೆಯ ಮೂಲ ಮೆಲನೋಫಿಲಿನ್ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿರುವುದು ಎಂದು 2006ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಈ ಗುಣ ಹಿಂಜರಿಯುವ ಸ್ವಭಾವದ್ದು. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಹೀಗೆ ಬದಲಾದ ವಂಶವಾಹಿಯ ಎರಡು ಪ್ರತಿಗಳು ಕೂಡಿದಾಗ ಮಾತ್ರ ಮರಿ ನೀಲಿಯಾಗುತ್ತದೆ. ಒಂದೇ ಪ್ರತಿ ಇರುವ ಬೆಕ್ಕು ಹೊರಗೆ ಅಚ್ಚ ಕಪ್ಪಾಗಿಯೇ ಇದ್ದು ಗುಣವನ್ನು ತಲೆಮಾರಿನಿಂದ ತಲೆಮಾರಿಗೆ ಗುಟ್ಟಾಗಿ ಸಾಗಿಸುತ್ತಿರುತ್ತದೆ. ನಿಮ್ಮ ತಾಯಿಬೆಕ್ಕಿನಲ್ಲಿ ಒಂದು ಪ್ರತಿ ಇರುವುದು ಖಚಿತ. ಗಂಡುಬೆಕ್ಕಿನಲ್ಲಿಯೂ ಇದ್ದರೆ ಹುಟ್ಟುವ ಪ್ರತಿ ಮರಿಯೂ ನೀಲಿಯಾಗುವ ಸಂಭವ ನಾಲ್ಕರಲ್ಲಿ ಒಂದು. ಅಂದರೆ ಪ್ರತಿ ಸೂಲಿನಲ್ಲಿ ನಾಲ್ಕಕ್ಕೊಂದು ಲೆಕ್ಕ ಹಾಕಿ ಹುಟ್ಟುತ್ತವೆ ಎಂದಲ್ಲ. ಒಮ್ಮೆ ಒಂದೂ ಇಲ್ಲದಿರಬಹುದು, ಇನ್ನೊಮ್ಮೆ ಮೂರಿರಬಹುದು. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರು ಇರುವುದು ಬೆಕ್ಕುಗಳಲ್ಲಿ ಅಪರೂಪವಲ್ಲ ಎಂಬುದನ್ನೂ ಮನಸ್ಸಿನಲ್ಲಿಡಿ. ತಾಯಿಬೆಕ್ಕು ಹೊರಗೆ ಓಡಾಡುತ್ತಿದ್ದರೆ ಈ ಮರಿಯ ತಂದೆ ನೀವು ಎಣಿಸಿದ ಗಂಡುಬೆಕ್ಕೇ ಆಗಿರಬೇಕೆಂದಿಲ್ಲ. ತಂದೆತಾಯಿ ಇಬ್ಬರೂ ನೀಲಿಯಾಗಿದ್ದರೆ ಕಪ್ಪು ಮರಿ ಹುಟ್ಟುವುದಿಲ್ಲ. ಕೆಂಪು ಬೆಕ್ಕನ್ನು ಕೆನೆಬಣ್ಣಕ್ಕೆ ತಿರುಗಿಸುವುದೂ ಇದೇ ವಂಶವಾಹಿ.

ಪ್ರಶ್ನೆ: ರಷ್ಯನ್ ಬ್ಲೂ, ಬ್ರಿಟಿಷ್ ಬ್ಲೂ, ಶಾರ್ತ್ರೂ, ಕೋರಾಟ್: ಚಿತ್ರಗಳಲ್ಲಿ ನಾಲ್ಕೂ ಒಂದೇ ರೀತಿ ಕಾಣುತ್ತವೆ. ವ್ಯತ್ಯಾಸವನ್ನು ವಿವರಿಸುವಿರಾ?

ಉತ್ತರ: ಸಂತೋಷದಿಂದ, ಏಕೆಂದರೆ ಈ ನಾಲ್ಕು ಬೆಕ್ಕುಗಳನ್ನು ಕುರಿತು ಬರೆಯುವುದೇ ನನಗೆ ಪ್ರಿಯವಾದ ಕೆಲಸ. ಬಣ್ಣವನ್ನು ಒಂದು ಕ್ಷಣ ಮರೆತು ಮೊದಲು ಕಣ್ಣುಗಳನ್ನು ನೋಡಿ. ಬೆಳೆದ ರಷ್ಯನ್ ಬ್ಲೂ ಮತ್ತು ಕೋರಾಟ್ ಬೆಕ್ಕುಗಳಿಗೆ ಹಸಿರು ಕಣ್ಣು. ಬ್ರಿಟಿಷ್ ಬ್ಲೂ ಮತ್ತು ಶಾರ್ತ್ರೂಗಳಿಗೆ ಹೊನ್ನಿನಿಂದ ಹಿಡಿದು ತಾಮ್ರದವರೆಗಿನ ಬಣ್ಣ. ಅರ್ಧ ಗೊಂದಲ ಇಲ್ಲಿಯೇ ಕಳೆಯುತ್ತದೆ. ಉಳಿದದ್ದನ್ನು ಕೈಯಿಂದ ಮುಟ್ಟಿ ತಿಳಿಯಬೇಕು.

ರಷ್ಯನ್ ಬ್ಲೂ ತೆಳ್ಳನೆಯ ಮೈಕಟ್ಟಿನ, ನೀಳ ಕಾಲುಗಳ ಬೆಕ್ಕು. ಅದರ ತುಪ್ಪಳ ಎರಡು ಪದರದ್ದು; ಒಳಪದರ ಎಷ್ಟು ಒತ್ತಾಗಿರುತ್ತದೆಂದರೆ ಕೂದಲು ಮೈಗೆ ಅಂಟದೆ ನೆಟ್ಟಗೆ ನಿಲ್ಲುತ್ತದೆ, ಬೆನ್ನ ಮೇಲೆ ಬೆರಳಿನಿಂದ ಗೆರೆ ಎಳೆದರೆ ಕೈಯಾಡಿಸಿ ಅಳಿಸುವವರೆಗೂ ಆ ಗೆರೆ ಹಾಗೆಯೇ ಉಳಿಯುತ್ತದೆ. ಹೊರಕೂದಲಿನ ತುದಿಗಳು ಬೆಳ್ಳಿಯಂತೆ ಹೊಳೆಯುವುದರಿಂದ ಇಡೀ ಮೈಗೆ ಮಂಜು ಕವಿದಂಥ ಕಾಂತಿ ಬರುತ್ತದೆ. ರಷ್ಯದ ಉತ್ತರದ ಬಂದರು ಅರ್ಖಾಂಗೆಲ್ಸ್ಕ್‌ನಿಂದ 1860ರ ದಶಕದಲ್ಲಿ ನಾವಿಕರು ಇದನ್ನು ಇಂಗ್ಲೆಂಡಿಗೆ ತಂದರೆಂಬ ಮಾತು ತಳಿಯ ಜೊತೆಗೇ ಬಂದಿದೆ. ಮೊದಮೊದಲು ಅಲ್ಲಿನ ಪ್ರದರ್ಶನಗಳಲ್ಲಿ ನೀಲಿ ಬೆಕ್ಕುಗಳನ್ನೆಲ್ಲ ಒಂದೇ ವಿಭಾಗದಲ್ಲಿ ಕೂಡಿಸುತ್ತಿದ್ದರು. 1912ರಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗ ದೊರೆಯಿತು. ಎರಡನೆಯ ಮಹಾಯುದ್ಧದ ನಂತರ ಸಂಖ್ಯೆ ತೀರ ಕಡಿಮೆಯಾದಾಗ ಸಯಾಮೀಸ್ ಬೆಕ್ಕುಗಳೊಡನೆ ಕೂಡಿಸಿ ತಳಿಯನ್ನು ಉಳಿಸಿಕೊಂಡರು. ಇದೇ ಬೆಕ್ಕಿನ ಉದ್ದಕೂದಲಿನ ರೂಪಕ್ಕೆ ನೆಬೆಲುಂಗ್ ಎಂದು ಹೆಸರು.

ಬ್ರಿಟಿಷ್ ಬ್ಲೂ ಎಂಬುದು ಬೇರೆ ತಳಿಯಲ್ಲ. ಹಲವು ಬಣ್ಣಗಳಲ್ಲಿ ಬರುವ ಬ್ರಿಟಿಷ್ ಶಾರ್ಟ್‌ಹೇರ್ ತಳಿಯ ನೀಲಿ ರೂಪ. ದುಂಡು ಮುಖ, ತುಂಬುಗೆನ್ನೆ, ಗಿಡ್ಡ ದಪ್ಪ ಕಾಲು, ದಪ್ಪ ಬಾಲ: ಇದರಲ್ಲಿ ಎಲ್ಲವೂ ಉರುಟು. 1871ರಲ್ಲಿ ಹ್ಯಾರಿಸನ್ ವೇರ್ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಏರ್ಪಡಿಸಿದ ಬೆಕ್ಕುಗಳ ಹೆಸರಾಂತ ಪ್ರದರ್ಶನದ ಕಾಲದಿಂದಲೂ ಇದಕ್ಕೆ ಮನ್ನಣೆಯಿದೆ.

ಶಾರ್ತ್ರೂ ಫ್ರಾನ್ಸಿನದು. ಮೈ ಗಟ್ಟಿಮುಟ್ಟು, ಕಾಲುಗಳು ಆ ಮೈಗೆ ಹೋಲಿಸಿದರೆ ಸಣ್ಣವು. ಮೂತಿಯ ಆಕಾರದಿಂದಾಗಿ ಸದಾ ಮುಗುಳ್ನಗುತ್ತಿರುವಂತೆ ಕಾಣುತ್ತದೆ. ತುಪ್ಪಳ ಕುರಿಯ ಉಣ್ಣೆಯಂತೆ ಒತ್ತಾಗಿದ್ದು ಕತ್ತು ಮತ್ತು ಪಕ್ಕೆಗಳ ಬಳಿ ತಾನಾಗಿಯೇ ಬಿರಿಯುತ್ತದೆ. ಮಾತು ಬಹಳ ಕಡಿಮೆ. ಗ್ರಾಂಡ್ ಶಾರ್ತ್ರೂಸ್ ಮಠದ ಸನ್ಯಾಸಿಗಳು ಇದನ್ನು ಸಾಕಿ ಬೆಳೆಸಿದರೆಂಬ ಕಥೆಯನ್ನು ನೀವು ಓದಿರಬಹುದು. ಮಠದ ದಾಖಲೆಗಳಲ್ಲಿ ಮಾತ್ರ ಅದಕ್ಕೆ ಆಧಾರವಿಲ್ಲ. ಆಧಾರವಿರುವ ಚರಿತ್ರೆ ಅದಕ್ಕಿಂತ ಸೊಗಸಾಗಿದೆ ಎನ್ನುವುದು ನನ್ನ ಅನಿಸಿಕೆ. ಲೆಜೇ ಎಂಬ ಮನೆತನದ ಇಬ್ಬರು ಸಹೋದರಿಯರು 1920ರ ದಶಕದ ಕೊನೆಯ ಹೊತ್ತಿಗೆ ಬೆಲ್-ಈಲ್ ದ್ವೀಪದಲ್ಲಿ ನೀಲಿ ಬೆಕ್ಕುಗಳ ಗುಂಪೊಂದು ತಾನಾಗಿ ಬಾಳುತ್ತಿರುವುದನ್ನು ಕಂಡು, ಅವುಗಳಿಂದಲೇ ತಳಿಯನ್ನು ಕ್ರಮಬದ್ಧವಾಗಿ ಬೆಳೆಸತೊಡಗಿದರು. ಇದಕ್ಕೂ ಬ್ರಿಟಿಷ್ ಬ್ಲೂಗೂ ಎಷ್ಟು ಹೋಲಿಕೆಯೆಂದರೆ ಫೀಫೆ ಎಂಬ, ಬೆಕ್ಕು ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವೇ 1970ರಲ್ಲಿ ಎರಡನ್ನೂ ಒಂದೇ ತಳಿಯಾಗಿ ಸೇರಿಸಿ, ಶಾರ್ತ್ರೂ ಅಭಿಮಾನಿಗಳ ವಿರೋಧದ ನಂತರ 1977ರಲ್ಲಿ ಮತ್ತೆ ಬೇರ್ಪಡಿಸಿತು. ಹಾಗಿರುವಾಗ ಚಿತ್ರ ನೋಡಿ ನಿಮಗೆ ಗೊಂದಲವಾದದ್ದು ಸಹಜವೇ.

ಕೋರಾಟ್ ಥಾಯ್ಲೆಂಡಿನ ಬೆಕ್ಕು. ನಖೋನ್ ರಾಚಸೀಮಾ ಪ್ರಾಂತ್ಯಕ್ಕೆ ಇರುವ ಕೋರಾಟ್ ಎಂಬ ರೂಢಿಯ ಹೆಸರೇ ಇದಕ್ಕೂ ಬಂದಿದೆ. ಅಲ್ಲಿನವರು ಇದನ್ನು ಸೀ ಸವಾತ್ ಎನ್ನುತ್ತಾರೆ. ಬೆಕ್ಕುಗಳ ಲಕ್ಷಣ ಹೇಳುವ ಅಲ್ಲಿನ ಹಳೆಯ ಹಸ್ತಪ್ರತಿಗಳಲ್ಲಿ ಇದು ಶುಭ ತರುವ ಬೆಕ್ಕೆಂದು ವರ್ಣಿತವಾಗಿದೆ. ನವದಂಪತಿಗಳಿಗೆ ಜೋಡಿಯಾಗಿ ಉಡುಗೊರೆ ಕೊಡುವ ಪದ್ಧತಿಯಿತ್ತು. ಮೈಬಣ್ಣ ಮಳೆಮೋಡದಂತಿರುವುದರಿಂದ ಮಳೆಗಾಗಿ ಬೇಡುವ ಮೆರವಣಿಗೆಗಳಲ್ಲಿ ಈ ಬೆಕ್ಕನ್ನೇ ಕೊಂಡೊಯ್ಯಲು ಬಯಸುತ್ತಿದ್ದರು. 1959ರಲ್ಲಿ ಒಂದು ಜೋಡಿ ಅಮೆರಿಕಕ್ಕೆ ಹೋದ ಮೇಲೆ ಪಶ್ಚಿಮದಲ್ಲಿ ಇದರ ಸಾಕಣೆ ನೆಲೆಗೊಂಡಿತು. ಮುಂದಿನಿಂದ ನೋಡಿದರೆ ಮುಖ ಹೃದಯದ ಆಕಾರದಲ್ಲಿರುತ್ತದೆ, ಕಣ್ಣುಗಳು ಮುಖಕ್ಕೆ ಮೀರಿ ದೊಡ್ಡವು. ತುಪ್ಪಳಕ್ಕೆ ಒಳಪದರವಿಲ್ಲ, ಕೂದಲು ನಯವಾಗಿ ಮೈಗೆ ಅಂಟಿಕೊಂಡಿರುತ್ತದೆ. ರಷ್ಯನ್ ಬ್ಲೂನಿಂದ ಇದನ್ನು ಬೇರ್ಪಡಿಸಲು ಒಮ್ಮೆ ಕೈಯಾಡಿಸಿದರೆ ಸಾಕು. ಈ ತಳಿಯನ್ನು ಸಾಕಬಯಸುವವರು ಒಂದು ವಿಷಯವನ್ನು ತಪ್ಪದೆ ವಿಚಾರಿಸಬೇಕು. ನರಕೋಶಗಳನ್ನು ಹಾಳುಮಾಡುವ ಗ್ಯಾಂಗ್ಲಿಯೋಸಿಡೋಸಿಸ್ ಎಂಬ ಆನುವಂಶಿಕ ರೋಗ ಕೋರಾಟ್‌ಗಳಲ್ಲಿ ಕಂಡುಬಂದಿದೆ. ಅದಕ್ಕೆ ಚಿಕಿತ್ಸೆಯಿಲ್ಲ, ಆದರೆ ರೋಗದ ವಂಶವಾಹಿಯನ್ನು ಗುರುತಿಸುವ ಡಿಎನ್ಎ ಪರೀಕ್ಷೆ ಇದೆ. ತಂದೆತಾಯಿಯರ ಪರೀಕ್ಷೆಯ ಫಲಿತಾಂಶ ತೋರಿಸದವರಿಂದ ಮರಿಯನ್ನು ಪಡೆಯಬೇಡಿ.

ಪ್ರಶ್ನೆ: ನೋಂದಣಿ ಪತ್ರವಿರುವ ರಷ್ಯನ್ ಬ್ಲೂ ಮರಿಯನ್ನು ತಂದಿದ್ದೇವೆ. ಮೂರು ತಿಂಗಳಾದರೂ ಕಣ್ಣು ಹಳದಿಯಾಗಿಯೇ ಇದೆ, ಬಾಲದ ಮೇಲೆ ಮಸುಕಾದ ಬಳೆಗಳೂ ಕಾಣುತ್ತಿವೆ. ಮೋಸಹೋದೆವೇ?

ಉತ್ತರ: ಇಲ್ಲ. ಎಲ್ಲ ಬೆಕ್ಕಿನ ಮರಿಗಳೂ ನೀಲಿಗಣ್ಣಿನಿಂದಲೇ ಕಣ್ಣು ತೆರೆಯುತ್ತವೆ. ವಾರಗಳು ಕಳೆದಂತೆ ನಿಜವಾದ ಬಣ್ಣ ಮೂಡುತ್ತದೆ. ರಷ್ಯನ್ ಬ್ಲೂ ಮರಿಯ ಕಣ್ಣು ನಡುವೆ ಹಳದಿಗೆ ತಿರುಗಿ, ಪಾಪೆಯ ಸುತ್ತ ಹಸಿರು ಉಂಗುರ ಮೊದಲು ಕಾಣಿಸಿಕೊಂಡು, ಆಮೇಲೆ ಅದು ನಿಧಾನವಾಗಿ ಹೊರಗೆ ಹರಡುತ್ತದೆ. ಕೋರಾಟ್‌ನಲ್ಲಿ ಹಸಿರು ಪೂರ್ತಿಯಾಗಲು ಎರಡರಿಂದ ನಾಲ್ಕು ವರ್ಷ ಹಿಡಿಯುವುದುಂಟು. ಬಾಲದ ಬಳೆಗಳು ಮರಿಗೂದಲಿನಲ್ಲಿ ಇಣುಕುವ ಪಟ್ಟೆಗಳ ನೆರಳು. ಬೆಳೆದ ತುಪ್ಪಳ ಬರುವಾಗ ಸಾಮಾನ್ಯವಾಗಿ ಮಾಸಿಹೋಗುತ್ತವೆ.

ಪ್ರಶ್ನೆ: ನನ್ನ ಮಗಳಿಗೆ ಬೆಕ್ಕಿನ ಅಲರ್ಜಿ ಇದೆ. ರಷ್ಯನ್ ಬ್ಲೂ ಆದರೆ ತೊಂದರೆಯಿಲ್ಲ ಎಂದು ಕೇಳಿದ್ದೇವೆ. ತರಬಹುದೇ?

ಉತ್ತರ: ಕೇಳಿದ ಮಾತಿನ ಮೇಲೆಯೇ ತರಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಅಲರ್ಜಿಗೆ ಮುಖ್ಯ ಕಾರಣ ಕೂದಲಲ್ಲ. ಬೆಕ್ಕಿನ ಜೊಲ್ಲಿನಲ್ಲಿಯೂ ಚರ್ಮದ ಗ್ರಂಥಿಗಳಲ್ಲಿಯೂ ಉತ್ಪತ್ತಿಯಾಗುವ ಫೆಲ್ ಡಿ 1 ಎಂಬ ಪ್ರೋಟೀನು. ಬೆಕ್ಕು ಮೈ ನೆಕ್ಕಿಕೊಂಡಾಗ ಅದು ಕೂದಲಿಗೆ ಹತ್ತಿ, ಒಣಗಿ, ಕಣ್ಣಿಗೆ ಕಾಣದ ಧೂಳಾಗಿ ಮನೆಯೆಲ್ಲ ಹರಡುತ್ತದೆ. ಮೈಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ, ಈ ಪ್ರೋಟೀನಿನ ಕಾಟವೇ ಇಲ್ಲವೆಂದು ಖಾತರಿ ಕೊಡಬಹುದಾದ ತಳಿಯೂ ಇಲ್ಲ. ಪ್ರಮಾಣ ಒಂದೊಂದು ಬೆಕ್ಕಿಗೂ ಬೇರೆ. ಸಂತಾನಹರಣ ಮಾಡಿಸದ ಗಂಡುಬೆಕ್ಕುಗಳಲ್ಲಿ ಸಾಮಾನ್ಯವಾಗಿ ಹೆಚ್ಚು. ಮೊದಲು ವೈದ್ಯರ ಸಲಹೆ ಪಡೆಯಿರಿ. ಅವರು ಒಪ್ಪಿದರೆ, ನೀವು ತರಬೇಕೆಂದಿರುವ ಅದೇ ಬೆಕ್ಕಿನ ಜೊತೆ, ಅದು ಈಗಿರುವ ಮನೆಯಲ್ಲಿಯೇ, ಮಗಳು ಹಲವು ದಿನ ಸ್ವಲ್ಪ ಸ್ವಲ್ಪ ಹೊತ್ತು ಕಳೆಯಲಿ. ಸೀನು, ಕಣ್ಣುರಿ, ಉಬ್ಬಸ ಇವುಗಳಲ್ಲಿ ಯಾವುದು ಕಾಣಿಸಿದರೂ ಅಲ್ಲಿಗೆ ನಿಲ್ಲಿಸಿ. ಬೆಕ್ಕನ್ನು ಮನೆಗೆ ತಂದು, ಮಗು ಅದನ್ನು ಹಚ್ಚಿಕೊಂಡ ಮೇಲೆ ಹಿಂದಿರುಗಿಸುವುದು ಇಬ್ಬರಿಗೂ ದುಃಖ ಕೊಡುತ್ತದೆ.