ಕಾರು ಓಡುವಾಗ ಮುಂದಿನ ಸ್ಕ್ರೀನ್‌ನಲ್ಲಿ ವಿಡಿಯೊ: ಸ್ಯಾನ್ ಹೊಸೆಯ ಟಿಕೆಟ್

ಕಾರು ಓಡಿಸುವಾಗ ಹೊಸ ಸ್ಟೀರಿಯೊದ ಸ್ಕ್ರೀನ್‌ನಲ್ಲಿ ವಿಡಿಯೊ ಬರುತ್ತಿತ್ತೆಂದು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ಪೊಲೀಸರು ಟಿಕೆಟ್ (ಸಂಚಾರ ನಿಯಮ ಮುರಿದದ್ದಕ್ಕೆ ಕೊಡುವ ನೋಟಿಸ್) ಕೊಟ್ಟರು, ಏನು ಮಾಡಲಿ ಅಂತ ಕೇಳಿದ್ದೀರಿ. ತಪ್ಪು ಬಹುಶಃ ಆ ಸ್ಟೀರಿಯೊದ ಪಾರ್ಕಿಂಗ್ ಬ್ರೇಕ್ ತಂತಿಯದ್ದು. ಅದನ್ನು ಹ್ಯಾಂಡ್‌ಬ್ರೇಕ್ ಸ್ವಿಚ್‌ಗೆ ಸೇರಿಸದೆ ಸುಮ್ನೆ ಕಾರಿನ ಲೋಹದ ಮೈಗೆ ಅರ್ಥ್ ಮಾಡಿರುತ್ತಾರೆ. ಆಗ ಕಾರು ನಿಂತೇ ಇದೆ ಅಂದುಕೊಂಡು ಸ್ಕ್ರೀನ್ ವಿಡಿಯೊ ಓಡಿಸುತ್ತದೆ. ನನ್ನದರಲ್ಲಿ ಗೇಣುದ್ದದ ತಂತಿಯನ್ನು ಒಂದು ಬೋಲ್ಟ್ ಕೆಳಗೆ ಸಿಕ್ಕಿಸಿದ್ದರು!

ಕ್ಯಾಲಿಫೋರ್ನಿಯಾ ವೆಹಿಕಲ್ ಕೋಡ್ 27602ರ ಪ್ರಕಾರ ಓಡಿಸುವಾಗ ಚಾಲಕರಿಗೆ ಕಾಣುವಂತೆ ವಿಡಿಯೊ ಬರಬಾರದು. ಮ್ಯಾಪ್, ಹಿಂದಿನ ಕ್ಯಾಮೆರಾ ಪರವಾಗಿಲ್ಲ. "ಮಗಳು ನೋಡ್ತಿದ್ಳು, ಲೇನ್ ಅಸಿಸ್ಟ್ (ಕಾರು ತನ್ನ ಲೇನ್ ಬಿಡದಂತೆ ನೋಡಿಕೊಳ್ಳುವ ವ್ಯವಸ್ಥೆ) ಆನ್ ಇತ್ತು" ಅಂದಿರಿ. ಆ ವಾದ ಬೇಡ. ಅದು ಆನ್ ಇದ್ದರೂ ಚಾಲಕರು ನೀವೇ ಅಲ್ವಾ?

ಮೊದಲು ಆ ತಂತಿ ಹುಡುಕಿ. ಬಣ್ಣ ಒಂದೊಂದು ಮಾಡೆಲ್‌ಗೆ ಒಂದೊಂದು, ಮ್ಯಾನುಯಲ್ ನೋಡಿಕೊಳ್ಳಿ. ಸ್ವಿಚ್‌ಗೆ ಸೇರಿಸಿದ ಮೇಲೆ ನಿಂತಲ್ಲೇ ಹ್ಯಾಂಡ್‌ಬ್ರೇಕ್ ಇಳಿಸಿ ನೋಡಿ, ವಿಡಿಯೊ ನಿಲ್ಲಬೇಕು. ಆಮೇಲೆ ಟಿಕೆಟ್‌ನಲ್ಲಿ 'ಕರೆಕ್ಟಬಲ್' (ಸರಿಪಡಿಸಬಹುದಾದ ತಪ್ಪು) ಕಾಲಂ ನೋಡಿ. 'ಯೆಸ್' ಗುರುತಿದ್ದರೆ ಪೊಲೀಸರಿಗೆ ಕಾರು ತೋರಿಸಿ ಸಹಿ ಹಾಕಿಸಿ, ಅದರಲ್ಲಿರುವ ತಾರೀಖಿನೊಳಗೆ 25 ಡಾಲರ್ ಜೊತೆ ಕೋರ್ಟ್‌ಗೆ ಕೊಡಿ. 'ನೋ' ಇದ್ದರೂ ಸರಿ ಮಾಡಿಸಿದ ಬಿಲ್ ಇಟ್ಟುಕೊಂಡೇ ಕೋರ್ಟ್‌ಗೆ ಹೋಗಿ.

ಮಗಳಿಗೆ ಹಿಂದಿನ ಸೀಟಿನಲ್ಲಿ, ನಿಮಗೆ ಕಾಣದ ಹಾಗೆ ಟ್ಯಾಬ್ ಕೊಡಬಹುದು.