ಆಧಾರ್ ಇದ್ದರೆ ಪೌರತ್ವ ಬಂದಂತೆಯೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಮಗ ಶ್ರೀಲಂಕಾದ ಹುಡುಗಿಯನ್ನು ಮದುವೆಯಾಗಿ ಏಳು ವರ್ಷ ಕಳೆಯಿತು. ಸೊಸೆ ನಮ್ಮ ಜೊತೆಯಲ್ಲೇ ಇದ್ದಾಳೆ. ಆಧಾರ್, ಪ್ಯಾನ್ ಎರಡೂ ಆಗಿವೆ. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದರೆ ಆಗುವುದಿಲ್ಲ ಎಂದರು. ಏಳು ವರ್ಷವಾದ ಮೇಲೆ ಪೌರತ್ವ ತಾನಾಗಿಯೇ ಬರುತ್ತದಲ್ಲವೇ?
– ಓದುಗರೊಬ್ಬರು, ಪುತ್ತೂರು

ಉತ್ತರ: ಬರುವುದಿಲ್ಲ. ಮದುವೆಯಿಂದ ಸಿಗುವುದು ಅರ್ಜಿ ಹಾಕುವ ಹಕ್ಕು ಮಾತ್ರ. ಆಧಾರ್ ಎಂಬುದು ಇಲ್ಲಿ ವಾಸವಿರುವವರ ಗುರುತಿನ ಸಂಖ್ಯೆ. ಅದು ಪೌರತ್ವಕ್ಕೆ ಪುರಾವೆಯಲ್ಲ ಎಂದು ಆಧಾರ್ ಕಾಯ್ದೆಯ 9ನೇ ಕಲಮೇ ಹೇಳುತ್ತದೆ. ಪ್ಯಾನ್ ತೆರಿಗೆಗೆ ಸಂಬಂಧಪಟ್ಟದ್ದು. ಹೆಸರು ಸೇರಿಸದೆ ವಾಪಸು ಕಳಿಸಿದವರು ಸರಿಯಾಗಿಯೇ ಮಾಡಿದ್ದಾರೆ. ಪೌರರಲ್ಲದವರು ತಾವು ಪೌರರೆಂದು ಘೋಷಿಸಿ ಪಟ್ಟಿಗೆ ಸೇರಿದರೆ, ಮುಂದೆ ಪೌರತ್ವದ ಅರ್ಜಿಗೇ ಅದು ಮುಳುವಾಗುತ್ತದೆ.

ನಿಮ್ಮ ಸೊಸೆಗೆ ಅನ್ವಯಿಸುವುದು 1955ರ ಪೌರತ್ವ ಕಾಯ್ದೆಯ 5(1)(ಸಿ) ಕಲಮು. ಅದು ಕೇಳುವ ಏಳು ವರ್ಷ ಮದುವೆಯ ಏಳು ವರ್ಷವಲ್ಲ, ಭಾರತದಲ್ಲಿ ವಾಸವಿದ್ದ ಏಳು ವರ್ಷ. ಎಣಿಸುವ ರೀತಿ ಹೀಗೆ: ಅರ್ಜಿ ಹಾಕುವ ದಿನದಿಂದ ಹಿಂದಕ್ಕೆ 12 ತಿಂಗಳು ಬಿಡದೆ ಭಾರತದಲ್ಲಿರಬೇಕು. ಅದಕ್ಕೂ ಹಿಂದಿನ 8 ವರ್ಷಗಳಲ್ಲಿ ಎಲ್ಲ ಸೇರಿ ಕನಿಷ್ಠ 6 ವರ್ಷ ಇಲ್ಲಿದ್ದಿರಬೇಕು. ಅಂದರೆ ಆ 8 ವರ್ಷಗಳಲ್ಲಿ ತವರಿಗೆ ಹೋಗಿ ಬಂದದ್ದು ಒಟ್ಟು ಎರಡು ವರ್ಷ ಮೀರದಿದ್ದರೆ ತೊಂದರೆಯಿಲ್ಲ. ಕೊನೆಯ 12 ತಿಂಗಳಲ್ಲಿ ಮಾತ್ರ ಇಂಥ ಸಡಿಲಿಕೆ ಇಲ್ಲ. ವಿಶೇಷ ಕಾರಣವಿದ್ದರೆ ಕೇಂದ್ರ ಸರ್ಕಾರ ಗರಿಷ್ಠ 30 ದಿನಗಳವರೆಗೆ ವಿನಾಯಿತಿ ಕೊಡಬಹುದು, ಅದೂ ಕಾರಣವನ್ನು ಬರಹದಲ್ಲಿ ದಾಖಲಿಸಿ. ಅರ್ಜಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ಬಾಣಂತನಕ್ಕೆಂದು ಎರಡು ತಿಂಗಳು ಕೊಲಂಬೊಗೆ ಹೋಗಿ ಬಂದ ಮರುವಾರವೇ ಅರ್ಜಿ ಹಾಕಿದರೆ ಅದು ನಿಲ್ಲದು, ವಾಪಸು ಬಂದ ದಿನದಿಂದ ಮತ್ತೆ 12 ತಿಂಗಳು ಕಾಯಬೇಕು. ಹಳೆಯ ಪಾಸ್‌ಪೋರ್ಟುಗಳನ್ನೆಲ್ಲ ಜೋಪಾನವಾಗಿಡಿ. ಬಂದು ಹೋದ ಮೊಹರುಗಳನ್ನು ನೋಡಿ ತಾರೀಖಿನ ಪಟ್ಟಿ ಮಾಡಿಕೊಂಡ ಮೇಲೆಯೇ ಅರ್ಜಿಗೆ ಕೂರಿ.

ಇದಕ್ಕಿಂತ ದೊಡ್ಡ ಅಪಾಯ ವೀಸಾ ಅವಧಿ ಮೀರುವುದು. ಗಡುವು ದಾಟಿ ಉಳಿದವರು ಕಾಯ್ದೆಯ ಪ್ರಕಾರ 'ಅಕ್ರಮ ವಲಸಿಗ'ರಾಗುತ್ತಾರೆ, ಅವರಿಗೆ ನೋಂದಣಿಯ ಮೂಲಕ ಪೌರತ್ವ ಪಡೆಯುವ ದಾರಿಯೇ ಮುಚ್ಚುತ್ತದೆ. ವಾಸದ ಪರವಾನಗಿಯನ್ನು ಗಡುವಿಗೆ ಮೊದಲೇ ನವೀಕರಿಸಿ. ಬೆಂಗಳೂರಿನಲ್ಲಿ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ (ಎಫ್‌ಆರ್‌ಆರ್‌ಒ), ಜಿಲ್ಲೆಗಳಲ್ಲಿ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿ ಈ ಕೆಲಸ ನೋಡಿಕೊಳ್ಳುತ್ತವೆ.

ಅರ್ಜಿಯನ್ನು ಗೃಹ ಸಚಿವಾಲಯದ ಪೌರತ್ವ ಪೋರ್ಟಲ್‌ನಲ್ಲಿ ತುಂಬಿ, ಮುದ್ರಿತ ಪ್ರತಿಯನ್ನು ದಾಖಲೆಗಳೊಂದಿಗೆ ಜಿಲ್ಲಾಧಿಕಾರಿ ಕಚೇರಿಗೆ ಕೊಡಬೇಕು. ಸೊಸೆಯ ಪಾಸ್‌ಪೋರ್ಟ್, ವಾಸದ ಪರವಾನಗಿ, ನೋಂದಾಯಿತ ಮದುವೆ ಪ್ರಮಾಣಪತ್ರ, ನಿಮ್ಮ ಮಗ ಭಾರತೀಯ ಎಂಬುದಕ್ಕೆ ಪಾಸ್‌ಪೋರ್ಟ್ ಅಥವಾ ಜನನ ಪ್ರಮಾಣಪತ್ರ ಮುಖ್ಯ. ಮಗನ ಹೆಸರನ್ನೊಮ್ಮೆ ತಾಳೆ ನೋಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಬರೆದ ತಂದೆಯ ಹೆಸರು, ಮದುವೆ ಪ್ರಮಾಣಪತ್ರದಲ್ಲಿ ಊರಿನ ಹೆಸರು ಎಂಬಂತಾದರೆ ಕಡತ ಅಲ್ಲೇ ಕೂರುತ್ತದೆ. ಮದುವೆ ಪ್ರಮಾಣಪತ್ರದ ತಪ್ಪನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮೊದಲೇ ತಿದ್ದಿಸಿಕೊಳ್ಳಿ.

ಜಿಲ್ಲಾಧಿಕಾರಿ 60 ದಿನಗಳಲ್ಲಿ ವರದಿಯೊಂದಿಗೆ ರಾಜ್ಯಕ್ಕೆ, ರಾಜ್ಯ 30 ದಿನಗಳಲ್ಲಿ ಕೇಂದ್ರಕ್ಕೆ ಕಳಿಸಬೇಕು ಎಂಬುದು ನಿಯಮ. ಪೊಲೀಸ್ ಮತ್ತು ಗುಪ್ತಚರ ವಿಚಾರಣೆ ನಡೆಯುವುದರಿಂದ ವಾಸ್ತವದಲ್ಲಿ ಹೆಚ್ಚೇ ಹಿಡಿಯುತ್ತದೆ. ಅರ್ಜಿ ಒಪ್ಪಿದ್ದೇವೆ ಎಂಬ ಪತ್ರ ಕೈಗೆ ಬಂದ ಮೇಲಷ್ಟೇ ಶ್ರೀಲಂಕಾದ ಪೌರತ್ವ ಬಿಡಬೇಕು. ಅದಕ್ಕೂ ಮೊದಲೇ ಬಿಟ್ಟರೆ ಯಾವ ದೇಶಕ್ಕೂ ಸೇರದವರಾಗಿ ಉಳಿಯುವ ಅಪಾಯವಿದೆ. ಬಿಟ್ಟ ಪುರಾವೆ ಮತ್ತು ನಿಷ್ಠೆಯ ಪ್ರಮಾಣವಚನ ಸಲ್ಲಿಸಿದ ನಂತರ ನೋಂದಣಿ ಪ್ರಮಾಣಪತ್ರ ಸಿಗುತ್ತದೆ. ಆಕೆ ಭಾರತೀಯಳಾಗುವುದು ಆ ದಿನದಿಂದ.

ಪ್ರಶ್ನೆ: ದುಬೈಯಲ್ಲಿ ನಮಗೆ ಮಗು ಹುಟ್ಟಿ ಹತ್ತು ತಿಂಗಳಾಯಿತು. ಗಂಡ, ಹೆಂಡತಿ ಇಬ್ಬರದೂ ಭಾರತದ ಪಾಸ್‌ಪೋರ್ಟ್. ಊರಿಗೆ ಬಂದಾಗ ಉಡುಪಿಯಲ್ಲೇ ಜನನ ನೋಂದಣಿ ಮಾಡಿಸಿದರೆ ಸಾಲದೇ?
– ಓದುಗರೊಬ್ಬರು, ದುಬೈ

ಉತ್ತರ: ಕಾಯಬೇಡಿ, ಇನ್ನೆರಡೇ ತಿಂಗಳಿದೆ. 2004ರ ಡಿಸೆಂಬರ್ 3ರ ನಂತರ ಹೊರದೇಶದಲ್ಲಿ ಹುಟ್ಟಿದ ಮಗು ವಂಶದಿಂದ ಭಾರತೀಯನಾಗಬೇಕಾದರೆ, ಹುಟ್ಟಿದ ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ಜನನ ನೋಂದಣಿಯಾಗಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆತಾಯಿ ಘೋಷಣೆ ಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ, ತಡವಾದದ್ದಕ್ಕೆ ಕಾರಣವನ್ನೂ ಕೊಡಬೇಕು. ಯುಎಇಯಲ್ಲಿ ಹುಟ್ಟಿದ ಮಾತ್ರಕ್ಕೆ ಅಲ್ಲಿನ ಪೌರತ್ವ ಸಿಗುವುದಿಲ್ಲವಾದ್ದರಿಂದ, ಇದನ್ನು ತಪ್ಪಿಸಿಕೊಂಡರೆ ಮಗುವಿಗೆ ಯಾವ ದೇಶವೂ ಇಲ್ಲದಂತಾಗಬಹುದು. ಪಾಸ್‌ಪೋರ್ಟ್ ಅರ್ಜಿಯ ಜೊತೆಯಲ್ಲೇ ನೋಂದಣಿ ಪ್ರಮಾಣಪತ್ರವನ್ನೂ ಕೇಳಿ ಪಡೆದುಕೊಳ್ಳಿ.

ಪ್ರಶ್ನೆ: ಮಗಳು ಅಮೆರಿಕದ ಪೌರತ್ವ ತೆಗೆದುಕೊಂಡಳು. ಇಲ್ಲಿಯ ಮತದಾರರ ಪಟ್ಟಿಯಲ್ಲಿ ಅವಳ ಹೆಸರು ಇನ್ನೂ ಇದೆ. ಓಸಿಐ ಕಾರ್ಡ್ ಮಾಡಿಸಿದರೆ ಎರಡೂ ದೇಶದ ಪ್ರಜೆಯಾದಂತೆ ಎನ್ನುತ್ತಾರೆ. ಮೂರು ಎಕರೆ ಅಡಿಕೆ ತೋಟವನ್ನು ಅವಳ ಹೆಸರಿಗೆ ಮಾಡಬೇಕೆಂದಿದ್ದೇನೆ.
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಎಂಬ ಹೆಸರಿನಲ್ಲಿ ಪೌರತ್ವದ ಮಾತಿದ್ದರೂ ಅದು ಪೌರತ್ವವಲ್ಲ. ಜೀವನಪೂರ್ತಿ ವೀಸಾ ಇಲ್ಲದೆ ಬಂದು ಹೋಗಲು, ಇಲ್ಲಿ ವಾಸಿಸಲು ಅನುಕೂಲ ಅಷ್ಟೆ. ಭಾರತದಲ್ಲಿ ಇಬ್ಬಗೆಯ ಪೌರತ್ವ ಇಲ್ಲ. ಅಲ್ಲಿ ಪ್ರಮಾಣವಚನ ತೆಗೆದುಕೊಂಡ ಕ್ಷಣವೇ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ ಮಗಳ ಭಾರತೀಯ ಪೌರತ್ವ ಮುಗಿಯಿತು. ಇದಕ್ಕೆ ಯಾರ ಆದೇಶವೂ ಬೇಕಿಲ್ಲ. ಹಳೆಯ ಭಾರತೀಯ ಪಾಸ್‌ಪೋರ್ಟ್ ಹಿಡಿದು ಇನ್ನೊಮ್ಮೆ ಪ್ರಯಾಣ ಮಾಡಿದರೂ ಅಪರಾಧ. ಅದನ್ನು ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆಯದೆ ಓಸಿಐ ಅರ್ಜಿ ಮುಂದೆ ಹೋಗದು. ಮತದಾರರ ಪಟ್ಟಿಯಿಂದ ಹೆಸರು ತೆಗೆಸಲು ನಮೂನೆ 7 ತುಂಬಿ. ಪಟ್ಟಿಗೆ ಸೇರಲು ತುಂಬುವ ನಮೂನೆ 6ಎ ಇರುವುದು ಹೊರದೇಶದಲ್ಲಿದ್ದೂ ಭಾರತೀಯ ಪಾಸ್‌ಪೋರ್ಟ್ ಉಳಿಸಿಕೊಂಡವರಿಗೆ ಮಾತ್ರ.

ತೋಟದ ವಿಷಯ ಇನ್ನೂ ಮುಖ್ಯ. ದಾನಪತ್ರ ಬರೆಯಬೇಡಿ. ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ (ಫೆಮಾ) ನಿಯಮಗಳ ಪ್ರಕಾರ ಓಸಿಐ ಇರುವವರು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್‌ಗಳನ್ನು ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ. ವಾರಸಿನಿಂದ ಪಡೆಯಬಹುದು. ಆದ್ದರಿಂದ ಉಯಿಲು ಬರೆದಿಡಿ, ಕಾಲಾನಂತರ ಪೌತಿ ಖಾತೆ ಮಾಡಿಸಿಕೊಳ್ಳಲು ಅವಳಿಗೆ ಅಡ್ಡಿಯಿಲ್ಲ. ಮುಂದೆ ಅವಳು ಮಾರುವುದಾದರೆ ಭಾರತದಲ್ಲೇ ವಾಸವಿರುವವರಿಗೆ ಮಾರಬೇಕು.

ಪ್ರಶ್ನೆ: ಅಮೆರಿಕದಿಂದ ಮೈಸೂರಿಗೆ ವಾಪಸು ಬಂದು ಎರಡು ವರ್ಷವಾಯಿತು. ಮತ್ತೆ ಭಾರತೀಯನಾಗಬೇಕೆಂಬ ಆಸೆ. ಓಸಿಐ ಪಡೆದು ಐದು ವರ್ಷ ತುಂಬಬೇಕು ಎನ್ನುತ್ತಾರೆ, ನಿಜವೇ?
– ಓದುಗರೊಬ್ಬರು, ಮೈಸೂರು

ಉತ್ತರ: ಅದು ಪೌರತ್ವ ಕಾಯ್ದೆಯ 5(1)(ಜಿ) ಕಲಮಿನ ದಾರಿ. ಹಿಂದೊಮ್ಮೆ ಸ್ವತಂತ್ರ ಭಾರತದ ಪೌರರಾಗಿದ್ದವರಿಗೆ 5(1)(ಎಫ್) ಇದೆ, ಅದಕ್ಕೆ ಐದು ವರ್ಷದ ಷರತ್ತಿಲ್ಲ. ಅರ್ಜಿಗೆ ಮುಂಚೆ 12 ತಿಂಗಳು ಭಾರತದಲ್ಲಿ ವಾಸವಿದ್ದರೆ ಸಾಕು. ಇಲ್ಲೂ ವಿನಾಯಿತಿ 30 ದಿನ ಮಾತ್ರ, ಹಾಗಾಗಿ ಮೊಮ್ಮಕ್ಕಳನ್ನು ನೋಡಲು ಹೋಗುವ ಪ್ರಯಾಣವನ್ನು ಆ ವರ್ಷ ಮುಂದಕ್ಕೆ ಹಾಕಿ. ಒಮ್ಮೆ ಕಳೆದುಕೊಂಡ ಪೌರತ್ವ ಮರಳಿ ಪಡೆಯಲು ಕೇಂದ್ರ ಸರ್ಕಾರದ ಆದೇಶ ಬೇಕೇ ಬೇಕು, ಕೇಳಿದ ಮಾತ್ರಕ್ಕೆ ಸಿಗುವ ಹಕ್ಕು ಅದಲ್ಲ. ಅಮೆರಿಕದ ಪೌರತ್ವ ಬಿಡುವ ಹೆಜ್ಜೆಯನ್ನು ಇಲ್ಲಿನ ಒಪ್ಪಿಗೆ ಪತ್ರ ಬಂದ ಮೇಲೆಯೇ ಇಡಿ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಹದಿನಾರು ವರ್ಷದಿಂದ ಇರುವ ಫ್ರಾನ್ಸಿನ ಮಹಿಳೆಯೊಬ್ಬರು ವೀಣೆ ಕಲಿತು ಇಲ್ಲೇ ಉಳಿಯಲು ಬಯಸಿದ್ದಾರೆ. ಹಿಂದಿ ಬರದಿದ್ದರೆ ಪೌರತ್ವ ಸಿಗುವುದಿಲ್ಲವೇ?
– ಓದುಗರೊಬ್ಬರು, ಶ್ರೀರಂಗಪಟ್ಟಣ

ಉತ್ತರ: ಕನ್ನಡ ಬಂದರೆ ಸಾಕು. ಸಂವಿಧಾನದ ಎಂಟನೇ ಅನುಸೂಚಿಯ ಯಾವುದಾದರೂ ಒಂದು ಭಾಷೆಯನ್ನು ತಕ್ಕಮಟ್ಟಿಗೆ ಬಲ್ಲವರಾಗಿರಬೇಕು ಎಂದಷ್ಟೇ ಕಾಯ್ದೆ ಕೇಳುತ್ತದೆ, ಕನ್ನಡ ಅದರಲ್ಲಿದೆ. ಇಲ್ಲಿ ಬದುಕು ಕಟ್ಟಿಕೊಳ್ಳುವವರಿಗೆ ನೆರೆಹೊರೆಯ ಭಾಷೆಯೇ ಅರ್ಹತೆಯಾಗುವುದು ಎಷ್ಟು ಸೊಗಸಾದ ಏರ್ಪಾಡು! ಭಾರತೀಯ ಮೂಲವಾಗಲಿ ವೈವಾಹಿಕ ಸಂಬಂಧವಾಗಲಿ ಇಲ್ಲದವರಿಗೆ 6ನೇ ಕಲಮಿನ ದೇಶೀಕರಣ, ಅಂದರೆ ದೀರ್ಘಕಾಲ ಇಲ್ಲಿ ವಾಸವಿದ್ದ ಆಧಾರದ ಮೇಲೆ ಸಿಗುವ ಪೌರತ್ವ. ಕೊನೆಯ 12 ತಿಂಗಳು ಪೂರ್ತಿ, ಅದರ ಹಿಂದಿನ 14 ವರ್ಷಗಳಲ್ಲಿ ಒಟ್ಟು 11 ವರ್ಷ ಇಲ್ಲಿ ವಾಸವಿರಬೇಕು. ಆ ಒಂದು ಭಾಷೆ ಬಲ್ಲರೆಂಬುದಕ್ಕೆ ಎರಡು ಪ್ರಮಾಣಪತ್ರ, ನಡತೆಯ ಬಗ್ಗೆ ಇಬ್ಬರು ಭಾರತೀಯರ ಅಫಿಡವಿಟ್, ಪೌರತ್ವ ಕೋರುತ್ತಿರುವ ಬಗ್ಗೆ ಪತ್ರಿಕೆಯಲ್ಲಿ ಕೊಟ್ಟ ಎರಡು ಪ್ರಕಟಣೆಗಳ ತುಣುಕು ಲಗತ್ತಿಸಬೇಕು. ನಡತೆಯ ಅಫಿಡವಿಟ್ ನೀವೂ ಕೊಡಬಹುದು.

ಪ್ರಶ್ನೆ: ನಾನು 1990ರಲ್ಲಿ ಬೈಲಕುಪ್ಪೆಯಲ್ಲಿ ಹುಟ್ಟಿದೆ. ಅಮ್ಮ 1968ರಲ್ಲಿ ಅಲ್ಲೇ ಹುಟ್ಟಿದವರು, ಅಪ್ಪ ಟಿಬೆಟ್‌ನಿಂದ ಬಂದವರು. ತಂಗಿ 2006ರಲ್ಲಿ ಹುಟ್ಟಿದಳು. ನಮ್ಮಲ್ಲಿ ಯಾರು ಭಾರತೀಯರು?
– ಓದುಗರೊಬ್ಬರು, ಪಿರಿಯಾಪಟ್ಟಣ ತಾಲ್ಲೂಕು

ಉತ್ತರ: 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನವರೆಗೆ ಭಾರತದ ನೆಲದಲ್ಲಿ ಹುಟ್ಟಿದವರು, ತಂದೆತಾಯಿ ಯಾರೇ ಆಗಿರಲಿ, ಹುಟ್ಟಿನಿಂದಲೇ ಭಾರತೀಯರು. ರಾಜತಾಂತ್ರಿಕರ ಮಕ್ಕಳಂಥ ಕೆಲವೇ ಅಪವಾದಗಳಿವೆ. ಟಿಬೆಟನ್ನರಿಗೂ ಇದು ಅನ್ವಯಿಸುತ್ತದೆ ಎಂದು 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿವೆ. ಹಾಗಾಗಿ ನಿಮ್ಮ ಅಮ್ಮ ಭಾರತೀಯರು. ಅವರು ಅರ್ಜಿ ಹಾಕಿ ಪೌರತ್ವ 'ಪಡೆಯ'ಬೇಕಿಲ್ಲ, ಇರುವುದನ್ನು ದಾಖಲೆಯಿಂದ ತೋರಿಸಬೇಕು. 1987ರ ಜುಲೈ 1ರಿಂದ 2004ರ ಡಿಸೆಂಬರ್ 3ರ ಮುಂಚಿನವರೆಗೆ ಹುಟ್ಟಿದವರಿಗೆ ತಂದೆ ಅಥವಾ ತಾಯಿ, ಒಬ್ಬರು ಭಾರತೀಯರಾಗಿದ್ದರೆ ಸಾಕು. ಆದ್ದರಿಂದ ನೀವೂ ಭಾರತೀಯರು.

ಎಲ್ಲಕ್ಕೂ ಬುಡ ಅಮ್ಮನ ಜನನ ಪ್ರಮಾಣಪತ್ರ. ಮನೆಯಲ್ಲೇ ಹೆರಿಗೆಯಾಗಿ ನೋಂದಣಿ ಆಗಿಲ್ಲದಿದ್ದರೆ, ವರ್ಷ ದಾಟಿದ ಜನನದ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಶಾಲಾ ದಾಖಲೆ, ವಸಾಹತಿನ ದಾಖಲೆಗಳನ್ನು ಒಟ್ಟುಮಾಡಿ ಮೊದಲು ಆ ಕೆಲಸ ಮುಗಿಸಿ. ಪಾಸ್‌ಪೋರ್ಟಿಗೆ ಹೋಗುವಾಗ ನಿರಾಶ್ರಿತರ ನೋಂದಣಿ ಪುಸ್ತಕವನ್ನು ಒಪ್ಪಿಸಬೇಕಾಗುತ್ತದೆ. ಹುಟ್ಟಿ ಬೆಳೆದ ವಸಾಹತಿನ ಸವಲತ್ತುಗಳ ಮೇಲೂ ಇದರ ಪರಿಣಾಮವಿರುವುದರಿಂದ ಮನೆಯವರೆಲ್ಲ ಕೂತು ಮಾತಾಡಿಯೇ ನಿರ್ಧರಿಸಿ.

ತಂಗಿಯದು ಬೇರೆ ಲೆಕ್ಕ. ಅವಳು ಹುಟ್ಟುವ ಹೊತ್ತಿಗೆ ನಿಯಮ ಬದಲಾಗಿತ್ತು: ಒಬ್ಬರು ಭಾರತೀಯರಾಗಿದ್ದು, ಇನ್ನೊಬ್ಬರು ಮಗು ಹುಟ್ಟಿದಾಗ ಅಕ್ರಮ ವಲಸಿಗರಾಗಿರಬಾರದು. ಅಪ್ಪ ಯಾವ ವರ್ಷ, ಯಾವ ಕಾಗದದ ಮೇಲೆ ಬಂದರು, ಅವರ ನೋಂದಣಿ ಪುಸ್ತಕ 2006ರಲ್ಲಿ ಊರ್ಜಿತವಾಗಿತ್ತೇ ಎಂಬುದರ ಮೇಲೆ ಅವಳ ಪ್ರಕರಣ ನಿಂತಿದೆ. ಅಪ್ಪನ ಪುಸ್ತಕದ ಪ್ರತಿಯೊಂದು ನವೀಕರಣದ ಪುಟವನ್ನೂ ನಕಲು ಮಾಡಿಕೊಂಡು, ಪೌರತ್ವದ ಮೊಕದ್ದಮೆ ನಡೆಸಿದ ವಕೀಲರನ್ನು ಕಾಣಿ.