ಅಲ್ಲಿ ಊರಿಲ್ಲ ಅಂದ ಮಾತ್ರಕ್ಕೆ

ಯಜಮಾನ್ರೇ, ನಮಸ್ಕಾರ.

ಭೀಮಸಮುದ್ರದ ಕಡೆಯಿಂದ ನೀವು ಬರೆದ ಪತ್ರ ತಲುಪಿತು. ಸಮುದ್ರದಾಳದ ಗಣಿಗಾರಿಕೆ ಬೇಡ ಅಂತ ಹೋದ ಸಂಚಿಕೆಯಲ್ಲಿ ಬಂದ ಲೇಖನ ನಿಮಗೆ ಹಿಡಿಸಿಲ್ಲ. ನಿಮ್ಮ ಮಾತು ಇಷ್ಟು: ಅದಿರಿನ ಲಾರಿಗಳ ಧೂಳು ಅಡಿಕೆ ತೋಟದ ಮೇಲೆ ಕೂತು ಅನುಭವಿಸಿದವರು ನಾವು, ಸಮುದ್ರದ ತಳದಲ್ಲಿ ಊರಿಲ್ಲ, ತೋಟವಿಲ್ಲ, ಕೆರೆಯಿಲ್ಲ, ಅಲ್ಲಿ ಅಗೆದರೆ ಯಾರ ಗಂಟು ಹೋಗುತ್ತದೆ? ಹೇಗಿದ್ದರೂ ಪರಿಸರ ವರದಿ ಮಾಡಿಸುತ್ತಾರೆ, ಅಷ್ಟು ಸಾಕಲ್ವಾ? ಕೊನೆಯಲ್ಲಿ, ಹಾಗಾದರೆ ಆಳ ಸಮುದ್ರಕ್ಕೆ ಮನುಷ್ಯರನ್ನು ಇಳಿಸುವ ನಮ್ಮ ದೇಶದ ಸಮುದ್ರಯಾನ ಯೋಜನೆಯೂ ತಪ್ಪಾ ಅಂತಲೂ ಕೇಳಿದ್ದೀರಿ.

ಧೂಳು ಕುಡಿದವರು ಕೇಳಿದ ಪ್ರಶ್ನೆ ಇದು. ಎರಡು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ.

ಮೊದಲು ಒಂದು ಮಾತು. ನಿಮ್ಮ ರಸ್ತೆಯಲ್ಲಿ ಓಡುವುದು ಕಬ್ಬಿಣದ ಅದಿರು. ಸಮುದ್ರದ ತಳದಲ್ಲಿ ಎಲ್ಲರ ಕಣ್ಣು ಬಿದ್ದಿರುವುದು ನಿಕ್ಕಲ್, ಕೋಬಾಲ್ಟ್, ತಾಮ್ರ, ಮ್ಯಾಂಗನೀಸ್ ಮೇಲೆ. ಅಲ್ಲಿ ಅಗೆದರೆ ಇಲ್ಲಿ ಒಂದೇ ಒಂದು ಲಾರಿಯೂ ಕಡಿಮೆ ಆಗುವುದಿಲ್ಲ. ನಿಮ್ಮ ವಾದಕ್ಕೆ ಬಲ ಇರುವುದು ಇಂಡೋನೇಷ್ಯಾದಂಥ ಕಡೆ, ಅಲ್ಲಿ ನಿಕ್ಕಲ್‌ಗಾಗಿ ಕಾಡು ಕಡಿಯುತ್ತಿರುವುದು ನಿಜ. ಆದರೆ ಸಮುದ್ರದಿಂದ ನಿಕ್ಕಲ್ ಬಂತು ಅಂತ ಅಲ್ಲಿನ ಗಣಿ ನಿಲ್ಲಿಸುತ್ತೇವೆ ಎಂದು ಯಾರೂ ಬರೆದುಕೊಟ್ಟಿಲ್ಲ. ಎರಡೂ ಕಡೆ ಅಗೆದರೆ ಎರಡೂ ಕಡೆ ಹಾಳು, ಅಷ್ಟೇ.

ಇನ್ನು ಅಲ್ಲಿ ಏನಿದೆ ಅನ್ನುವ ವಿಷಯ. ನಾಲ್ಕರಿಂದ ಆರು ಕಿಲೋಮೀಟರ್ ಆಳದಲ್ಲಿ, ಮೆತ್ತನೆ ಕೆಸರಿನ ಮೇಲೆ, ಅಂಗೈಯಲ್ಲಿ ಹಿಡಿಯುವಷ್ಟು ದಪ್ಪದ ಕಪ್ಪು ಗಂಟುಗಳು ಬಿದ್ದಿರುತ್ತವೆ, ಮೇಲೆ ಹೇಳಿದ ಲೋಹಗಳಿರುವುದು ಇವುಗಳಲ್ಲೇ. ಒಂದನ್ನು ಕೊಯ್ದು ನೋಡಿದರೆ ಒಳಗೆ ಸುತ್ತು ಸುತ್ತಾಗಿ ಪದರಗಳು ಕಾಣುತ್ತವೆ. ನಟ್ಟನಡುವೆ ಕೆಲವೊಮ್ಮೆ ಒಂದು ಶಾರ್ಕ್ ಹಲ್ಲು ಇರುತ್ತದೆ. ಆ ಹಲ್ಲಿನ ಸುತ್ತ ಲೋಹ ಕೂರುತ್ತಾ ಕೂರುತ್ತಾ ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆದಿರುತ್ತದೆ. ಕೆಸರಿನ ಆ ಬಯಲಲ್ಲಿ ಗಟ್ಟಿ ನೆಲ ಅಂತ ಇರುವುದು ಈ ಗಂಟುಗಳೇ, ಹಾಗಾಗಿ ಸ್ಪಂಜುಗಳು, ಹವಳದ ಜಾತಿಯ ಜೀವಿಗಳು ಇವುಗಳಿಗೇ ಅಂಟಿಕೊಂಡು ಬದುಕುತ್ತವೆ. ಪೆರು ದೇಶದ ಆಚೆಯ ಸಮುದ್ರದಲ್ಲಿ ಆಕ್ಟೋಪಸ್ ಒಂದು, ಗಂಟಿಗೆ ಅಂಟಿದ ಸತ್ತ ಸ್ಪಂಜಿನ ಕಾಂಡದ ಮೇಲೆ ಮೊಟ್ಟೆ ಇಟ್ಟು ಕಾವಲು ಕೂತಿದ್ದು ಕ್ಯಾಮೆರಾದಲ್ಲಿ ಸಿಕ್ಕಿದೆ. ಗಂಟು ಎತ್ತಿದರೆ ಸ್ಪಂಜಿಲ್ಲ, ಸ್ಪಂಜಿಲ್ಲದಿದ್ದರೆ ಮೊಟ್ಟೆ ಇಡಲು ಜಾಗವಿಲ್ಲ. ಊರಿಲ್ಲ ಅಂತ ಹೇಗೆ ಹೇಳೋಣ?

ನಮಗೂ ಸಮುದ್ರಕ್ಕೂ ಏನು ನಂಟು ಅಂತ ಬರೆದಿದ್ದೀರಿ. ಭಾರತದ ಸಂಶೋಧನಾ ಹಡಗು ಗವೇಷಣಿ 1981ರ ಜನವರಿ 26ರಂದು ಮೊದಲ ಗಂಟು ಎತ್ತಿತು. ಈಗ ಹಿಂದೂ ಮಹಾಸಾಗರದ ಮಧ್ಯದಲ್ಲಿ 75,000 ಚದರ ಕಿಲೋಮೀಟರ್ ಜಾಗದಲ್ಲಿ ಅವುಗಳನ್ನು ಹುಡುಕುವ ಹಕ್ಕು ನಮ್ಮ ದೇಶದ್ದು. 2021ರಲ್ಲಿ ಚೆನ್ನೈನ ಸಾಗರ ತಂತ್ರಜ್ಞಾನ ಸಂಸ್ಥೆಯವರು ವರಾಹ ಅನ್ನುವ ಯಂತ್ರವನ್ನು 5,270 ಮೀಟರ್ ಆಳಕ್ಕೆ ಇಳಿಸಿ ಓಡಿಸಿದ್ದಾರೆ. ಅಲ್ಲಿ ಏನೇ ನಡೆದರೂ ಅದು ನಮ್ಮೆಲ್ಲರ ಹೆಸರಲ್ಲೇ ನಡೆಯುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ, ಪರಿಸರ ವರದಿ. ಯಾವ ವರದಿಗೂ ಮೊದಲು ಬೇಕಾದ್ದು ಅಗೆಯುವ ಮುಂಚೆ ಅಲ್ಲಿ ಏನಿತ್ತು ಅನ್ನುವ ಲೆಕ್ಕ. ಆ ಲೆಕ್ಕ ಹೇಗೆ ತೆಗೆಯುತ್ತಾರೆ ಗೊತ್ತಾ? ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಉಕ್ಕಿನ ಪೆಟ್ಟಿಗೆಯನ್ನು ತಂತಿಗೆ ಕಟ್ಟಿ ಹಡಗಿನಿಂದ ಇಳಿಸುತ್ತಾರೆ. ಅದು ತಳ ಮುಟ್ಟಿ, ಕೆಸರು ಕಚ್ಚಿಕೊಂಡು ಮೇಲೆ ಬರಲು ಗಂಟೆಗಟ್ಟಲೆ ಬೇಕು. ಬಂದ ಕೆಸರನ್ನು ಪದರ ಪದರವಾಗಿ ತೆಗೆದು, ಸಣ್ಣ ಕಣ್ಣಿನ ಜರಡಿಯಲ್ಲಿ ತಣ್ಣೀರು ಬಿಟ್ಟು ತೊಳೆದು, ಉಳಿದ ಹುಳಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಒಂದೊಂದಾಗಿ ಎಣಿಸುತ್ತಾರೆ. ಇಷ್ಟೆಲ್ಲ ಮಾಡಿದ ಮೇಲೆ ಗೊತ್ತಾಗುವುದು ಕಾಲು ಚದರ ಮೀಟರ್ ಜಾಗದ ಸಂಗತಿ. ಎದುರಿಗಿರುವುದು ಸಾವಿರಾರು ಚದರ ಕಿಲೋಮೀಟರ್. ಪೆಸಿಫಿಕ್‌ನಲ್ಲಿ ಹವಾಯಿಗೂ ಮೆಕ್ಸಿಕೋಗೂ ನಡುವೆ ಗಂಟುಗಳು ಜಾಸ್ತಿ ಇರುವ ವಲಯದಲ್ಲಿ ಸಿಕ್ಕಿರುವ ಜೀವಿಗಳಲ್ಲಿ ಸುಮಾರು ಶೇಕಡ 90ಕ್ಕೆ ವಿಜ್ಞಾನ ಇನ್ನೂ ಹೆಸರೇ ಇಟ್ಟಿಲ್ಲ ಅಂತ 2023ರ ಅಧ್ಯಯನವೊಂದು ಹೇಳಿತು. ಹೆಸರೇ ಇಲ್ಲದ್ದು ನಾಳೆ ಕಾಣೆಯಾದರೆ ಯಾವ ವರದಿಯ ಯಾವ ಕಾಲಂನಲ್ಲಿ ಬರೆಯುತ್ತಾರೆ?

ಎರಡನೆಯದು ಕಾಲ. 1989ರಲ್ಲಿ ಜರ್ಮನಿಯ ವಿಜ್ಞಾನಿಗಳು ಪೆರು ಬಳಿಯ ಆಳ ಸಮುದ್ರದಲ್ಲಿ ಎಂಟು ಮೀಟರ್ ಅಗಲದ ನೇಗಿಲು ಎಳೆದು ತಳವನ್ನು ಉತ್ತರು. ಬೇಕಂತಲೇ ಮಾಡಿದ ಪ್ರಯೋಗ ಅದು, ನೆಲ ಎಷ್ಟು ಬೇಗ ಸುಧಾರಿಸುತ್ತದೆ ನೋಡೋಣ ಅಂತ. 2015ರಲ್ಲಿ, ಅಂದರೆ 26 ವರ್ಷದ ಮೇಲೆ, ಹೋಗಿ ನೋಡಿದರೆ ಸಾಲುಗಳು ಹಾಗೇ ಇವೆ! ಗಂಟಿಗೆ ಅಂಟಿ ಬದುಕುವ ಜೀವಿಗಳು ವಾಪಸ್ ಬಂದಿರಲಿಲ್ಲ. ಇಲ್ಲಿ ಗಮನಿಸಬೇಕಾದ್ದು, ಅವರು ಗಂಟುಗಳನ್ನು ಕೆಸರೊಳಗೆ ಹೂತರೇ ಹೊರತು ಎತ್ತಿಕೊಂಡು ಹೋಗಲಿಲ್ಲ. ನಿಜವಾದ ಗಣಿಯಲ್ಲಿ ಗಂಟನ್ನೂ ಒಯ್ಯುತ್ತಾರೆ, ಮೇಲಿನ ಪದರ ಕೆಸರನ್ನೂ ಕೆದಕುತ್ತಾರೆ. ನಮ್ಮ ಗೋವಾದ ಸಾಗರ ವಿಜ್ಞಾನ ಸಂಸ್ಥೆಯೂ 1997ರಲ್ಲಿ ಹಿಂದೂ ಮಹಾಸಾಗರದಲ್ಲಿ ಇಂಥದ್ದೇ ಪ್ರಯೋಗ ಮಾಡಿತು. ಇದು ಸರಿಯಾದ ದಾರಿ. ಆದರೆ ಈ ದಾರಿಯಲ್ಲಿ ಉತ್ತರ ಸಿಗಲು ದಶಕಗಳು ಬೇಕು, ಗಣಿ ಕಂಪನಿಗಳಿಗೆ ಅಷ್ಟು ತಾಳ್ಮೆ ಇಲ್ಲ.

ಅಲ್ಲೂ ಧೂಳಿದೆ, ಯಜಮಾನ್ರೇ. ಯಂತ್ರ ಓಡಿದಾಗ ತಳದ ಹೂಳು ಏಳುತ್ತದೆ, ಹಡಗಿನಲ್ಲಿ ಗಂಟು ಬೇರ್ಪಡಿಸಿ ವಾಪಸ್ ಬಿಡುವ ನೀರಿನಲ್ಲೂ ಹೂಳಿರುತ್ತದೆ. 2021ರಲ್ಲಿ ಪೆಸಿಫಿಕ್‌ನಲ್ಲಿ ಯಂತ್ರ ಓಡಿಸಿ ಅಳೆದಾಗ, ಎದ್ದ ಹೂಳಿನಲ್ಲಿ ಶೇಕಡ 90ಕ್ಕೂ ಹೆಚ್ಚು ಪಾಲು ತಳದಿಂದ ಎರಡು ಮೀಟರ್ ಎತ್ತರದೊಳಗೇ ಉಳಿಯಿತು. ಹೆದರಿದಷ್ಟು ಮೇಲೆ ಏಳುವುದಿಲ್ಲ ಅಂತ ಕಂಪನಿಯ ಪರ ಇರುವವರು ಇದನ್ನು ತೋರಿಸುತ್ತಾರೆ, ತೋರಿಸಲಿ, ಅಳತೆ ಸರಿಯಾಗೇ ಇದೆ. ಆದರೆ ಅಲ್ಲಿನ ಜೀವಿಗಳು ಬಹುಪಾಲು ಬದುಕುವುದೂ ಅದೇ ಎರಡು ಮೀಟರ್ ಒಳಗೆ ತಾನೇ? ಸಾವಿರ ವರ್ಷಕ್ಕೆ ಕೆಲವೇ ಮಿಲಿಮೀಟರ್ ಮಣ್ಣು ಬೀಳುವ ಜಾಗ ಅದು. ಒಂದೇ ದಿನದಲ್ಲಿ ಅಷ್ಟು ಹೂಳು ಮೇಲೆ ಬಿದ್ದರೆ, ನೀರು ಸೋಸಿ ಉಣ್ಣುವ ಪ್ರಾಣಿಗೆ ಬಾಯಿಗೇ ಮಣ್ಣು ಹಾಕಿದ ಹಾಗೆ.

ಇನ್ನು ಸಾಕ್ಷಿಯ ವಿಷಯ, ನನ್ನನ್ನು ಜಾಸ್ತಿ ಕಾಡುವುದು ಇದೇ. ನಮ್ಮ ಜಿಲ್ಲೆಯ ಗಣಿಗಳಿಗೂ ಕಾಗದಪತ್ರಗಳಿದ್ದವು. ಆದರೂ 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಗಣಿಗಾರಿಕೆ ನಿಲ್ಲಿಸಬೇಕಾಯಿತು. ಆಮೇಲೆ ಎಷ್ಟು ಅಕ್ರಮ ನಡೆದಿದೆ ಅಂತ ನೋಡಿ ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು, ವರ್ಷಕ್ಕೆ ಇಷ್ಟೇ ಅದಿರು ಅಂತ ಮಿತಿ ಹಾಕಿದರು, ಪುನಶ್ಚೇತನ ಯೋಜನೆ ಕೇಳಿದರು. ಇದೆಲ್ಲ ಆಗಿದ್ದು ನೆಲದ ಮೇಲೆ ನೋಡುವ ಕಣ್ಣುಗಳಿದ್ದವು ಅಂತ. ನಿಮ್ಮ ಕೆಂಪು ಬಣ್ಣದ ಅಡಿಕೆ ಸೋಗೆಯನ್ನು ಯಾರು ಬೇಕಾದರೂ ಬಂದು ನೋಡಬಹುದಿತ್ತು. ಸಾರ್ವಜನಿಕ ಅಹವಾಲು ಸಭೆಯಲ್ಲಿ ಎದ್ದು ನಿಂತು ಡಿಸಿ ಸಾಹೇಬರ ಮುಂದೆ ಮಾತಾಡಬಹುದಿತ್ತು. ಐದು ಕಿಲೋಮೀಟರ್ ಆಳಕ್ಕೆ ಇಳಿದು ನೋಡಬೇಕಾದರೆ ಹಡಗು, ಕ್ಯಾಮೆರಾ ಬೇಕು, ಅವು ಬಹುಮಟ್ಟಿಗೆ ಇರುವುದು ಅಗೆಯಲು ಹೊರಟವರ ಕೈಯಲ್ಲಿ.

ತೀರ್ಪು ಕೊಡುವವರು ಯಾರು ಅನ್ನುವುದೂ ಸ್ಪಷ್ಟವಿಲ್ಲ. ಯಾವ ದೇಶಕ್ಕೂ ಸೇರದ ತಳ ಇಡೀ ಮನುಕುಲದ ಆಸ್ತಿ ಅಂತ ಅಂತರರಾಷ್ಟ್ರೀಯ ಕಾನೂನು ಹೇಳುತ್ತದೆ. ನೋಡಿಕೊಳ್ಳಲು ಜಮೈಕಾದಲ್ಲಿ ಒಂದು ಪ್ರಾಧಿಕಾರವಿದೆ. ಪರವಾನಗಿ ಕೊಡುವುದೂ ಅದೇ, ಪರಿಸರ ಕಾಯಬೇಕಾದ್ದೂ ಅದೇ, ಗಣಿ ಶುರುವಾದರೆ ರಾಜಧನ ಪಡೆಯುವುದೂ ಅದೇ. 2023ರೊಳಗೆ ನಿಯಮ ಮುಗಿಸಬೇಕಿತ್ತು, ಮುಗಿಯಲಿಲ್ಲ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷರು ತಮ್ಮದೇ ಕಾನೂನಿನಡಿ ಅನುಮತಿ ಕೊಡುವ ಆದೇಶ ಹೊರಡಿಸಿದರು. ಸದ್ಯಕ್ಕೆ ತಡೆಯಿರಿ ಅಂತ ಮೂವತ್ತಕ್ಕೂ ಹೆಚ್ಚು ದೇಶಗಳು ಕೇಳುತ್ತಿವೆ. ಭಾರತವೂ ಆ ಸಾಲಿಗೆ ಸೇರಬೇಕು ಅನ್ನುವುದು ನಮ್ಮ ಪತ್ರಿಕೆಯ ನಿಲುವು.

ಸಮುದ್ರಯಾನ ತಪ್ಪಾ ಅಂದಿರಿ. ಖಂಡಿತ ಅಲ್ಲ. ಮೂವರನ್ನು 6,000 ಮೀಟರ್ ಆಳಕ್ಕೆ ಇಳಿಸಬಲ್ಲ ಮತ್ಸ್ಯ-6000 ಅನ್ನುವ ಆ ಯೋಜನೆಯ ವಾಹನ ನಮಗೆ ಬೇಕು, ಅದಕ್ಕೆ ಖರ್ಚು ಮಾಡಿದ ಹಣ ದಂಡವಲ್ಲ. ಮೇಲೆ ಹೇಳಿದ ಲೆಕ್ಕ ತೆಗೆಯಲು ನಮ್ಮದೇ ಕಣ್ಣು ಬೇಕಲ್ವಾ? ಆ ಮೂರು ಸೀಟಿನಲ್ಲಿ ಒಂದು ಪ್ರತಿ ಸಲವೂ ಜೀವವಿಜ್ಞಾನಿಗೆ ಸಿಗಲಿ, ಅವರು ಕಂಡಿದ್ದೆಲ್ಲ, ವಿಡಿಯೋ ಸಮೇತ, ಜನರಿಗೆ ಸಿಗುವ ಹಾಗೆ ಇರಲಿ. ಈ ಎರಡು ಬೇಡಿಕೆಯನ್ನು ಭೂವಿಜ್ಞಾನ ಸಚಿವಾಲಯಕ್ಕೆ ಪತ್ರ ಮಾಡಿ ಕಳಿಸುತ್ತಿದ್ದೇವೆ. ನೀವೂ ಸಹಿ ಹಾಕುವುದಾದರೆ ಕಚೇರಿಗೆ ಒಂದು ಕಾರ್ಡು ಬರೆಯಿರಿ.